ಮೈಕ್ರೊಕಂಟ್ರೋಲರ್ ಬೋರ್ಡಿಗೆ ಯುಎಸ್‌ಬಿ ಮತ್ತು ಸ್ಟೋರೇಜ್: ಯಾವುದನ್ನು ಆರಿಸಬೇಕು?

ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡ್ ಸರಿಯಾಗಿ ಓಡುತ್ತಿದೆ, ಸೆನ್ಸರ್‌ಗಳು ಓದುತ್ತಿವೆ. ಆಗ ಬರುವ ಪ್ರಶ್ನೆ ಒಂದೇ: ಈ ಡೇಟಾ ಎಲ್ಲಿ ಉಳಿಸೋದು, ಹೊರಗೆ ತೆಗೆಯೋದು ಹೇಗೆ? ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೇಳಿದರೆ ಯುಎಸ್‌ಬಿ ಜೋಡಿಸುವ ಸಿಎಚ್340 ಬೋರ್ಡ್, ಎಸ್‌ಡಿ ಕಾರ್ಡ್ ಮಾಡ್ಯೂಲ್, ಪೆನ್‌ಡ್ರೈವ್ ಓದುವ ಸಿಎಚ್376, ಪಿಕೊ, ಇಎಸ್‌ಪಿ32 ಎಂಬ ಕಂಟ್ರೋಲರ್ ಬೋರ್ಡ್‌ಗಳು ಎಲ್ಲವನ್ನೂ ಮುಂದಿಡುತ್ತಾರೆ. ಅವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ನಿಮ್ಮ ಕೆಲಸಕ್ಕೆ ಹೊಂದುವುದು ಒಂದೋ ಎರಡೋ ಮಾತ್ರ.

ಸುಮ್ನೆ ಗಾಳಿಯಲ್ಲಿ ಮಾತಾಡುವುದಕ್ಕಿಂತ ಒಂದು ನಿಜವಾದ ಕೆಲಸ ಇಟ್ಟುಕೊಳ್ಳೋಣ. ಅಡಿಕೆ ತೋಟದ ಪಂಪ್‌ಹೌಸಿನಲ್ಲಿ, ಮೋಟರ್ ಸ್ಟಾರ್ಟರ್ ಪಕ್ಕದಲ್ಲಿ ಕೂರುವ ಒಂದು ಲಾಗರ್, ಅಂದರೆ ಅಳತೆಗಳನ್ನು ದಾಖಲಿಸುವ ಪೆಟ್ಟಿಗೆ. ಮೂರು ಫೇಸಿನ ವೋಲ್ಟೇಜ್, ಮೋಟರ್ ಎಳೆಯುವ ಕರೆಂಟ್, ಬೋರಿನ ನೀರಿನ ಮಟ್ಟ, ಉಷ್ಣಾಂಶ. ನಿಮಿಷಕ್ಕೆ ಒಂದು ದಾಖಲೆ, ಒಂದೊಂದೂ 32 ಬೈಟ್. ದಿನಕ್ಕೆ 1440 ದಾಖಲೆ, ಅಂದರೆ 45 ಕೆಬಿ. ವರ್ಷಕ್ಕೆ ಸುಮಾರು 16 ಎಂಬಿ. ಈ ಲೆಕ್ಕ ಕೈಯಲ್ಲಿಟ್ಟುಕೊಂಡರೆ ಅರ್ಧ ತೀರ್ಮಾನ ಆದಂತೆಯೇ. ನಿಮ್ಮ ಕೆಲಸ ಬೇರೆ ಇರಬಹುದು, ಆದರೂ ಮೊದಲು ಇದೇ ಲೆಕ್ಕ ಮಾಡಿ.

ಚಿಪ್ ನೋಡುವ ಮೊದಲು ಕೇಳಬೇಕಾದ್ದು

ಮೊದಲನೆಯದು: ಹೋಸ್ಟ್ ಯಾರು? ಯುಎಸ್‌ಬಿಯಲ್ಲಿ ಎರಡು ಕಡೆಯೂ ಸಮಾನವಲ್ಲ. ಒಬ್ಬರು ಹೋಸ್ಟ್, ಇನ್ನೊಬ್ಬರು ಡಿವೈಸ್. ಕೇಳುವುದು ಯಾವಾಗಲೂ ಹೋಸ್ಟ್, ಡಿವೈಸ್ ಉತ್ತರ ಕೊಡುತ್ತದೆ ಅಷ್ಟೆ. ಕಂಪ್ಯೂಟರಿಗೆ ಚುಚ್ಚುವುದಾದರೆ ನಿಮ್ಮ ಬೋರ್ಡ್ ಡಿವೈಸ್. ಬೋರ್ಡಿಗೇ ಪೆನ್‌ಡ್ರೈವ್ ಚುಚ್ಚುವುದಾದರೆ ಬೋರ್ಡ್ ಹೋಸ್ಟ್ ಆಗಬೇಕು. ಆಗ 5 ವೋಲ್ಟ್ ನೀವೇ ಕೊಡಬೇಕು, 500 ಮಿಲಿಆಂಪ್‌ವರೆಗೆ ಕೊಡುವ ತಾಕತ್ತಿರಬೇಕು, ಶಾರ್ಟ್ ಆದರೆ ಕಡಿಯುವ ಪವರ್ ಸ್ವಿಚ್ ಬೇಕು. ಸಾಫ್ಟ್‌ವೇರೂ ಒಂದು ಮಟ್ಟ ದೊಡ್ಡದಾಗುತ್ತದೆ.

ಎರಡನೆಯದು: ಡೇಟಾ ತೆಗೆಯಲು ಬರುವವರ ಕೈಯಲ್ಲಿ ಏನಿರುತ್ತದೆ? ಇದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ತೋಟಕ್ಕೆ ಲ್ಯಾಪ್‌ಟಾಪ್ ತರುವವರು ಕಡಿಮೆ. ಫೋನ್ ಮಾತ್ರ ಎಲ್ಲರ ಜೇಬಿನಲ್ಲೂ ಇದೆ. ಒಂದು ಓಟಿಜಿ ಕೇಬಲ್ (ಫೋನಿಗೆ ಯುಎಸ್‌ಬಿ ಸಾಧನ ಚುಚ್ಚುವ ಕೇಬಲ್) ಇದ್ದರೆ ಆಂಡ್ರಾಯ್ಡ್ ಫೋನೇ ಹೋಸ್ಟ್ ಆಗುತ್ತದೆ, 5 ವೋಲ್ಟನ್ನೂ ಅದೇ ಕೊಡುತ್ತದೆ. ಪೆನ್‌ಡ್ರೈವ್ ಚುಚ್ಚುವ ವ್ಯವಸ್ಥೆ ಬೇಕೇ ಬೇಕು ಎಂದು ಹೊರಟ ಎಷ್ಟೋ ಪ್ರಾಜೆಕ್ಟ್‌ಗಳಿಗೆ ನಿಜಕ್ಕೂ ಬೇಕಿರುವುದು, ಬೋರ್ಡೇ ಪೆನ್‌ಡ್ರೈವ್‌ನಂತೆ ಫೋನಿಗೆ ಕಾಣಿಸುವುದು. ಅದಕ್ಕೆ ಡಿವೈಸ್ ಆದರೆ ಸಾಕು.

ಮೂರನೆಯದು: ಬರೆಯುವ ನಡುವೆ ಕರೆಂಟ್ ಹೋದರೆ? ಪಂಪ್‌ಹೌಸಿನಲ್ಲಿ ತ್ರೀ ಫೇಸ್ ಬರುವುದೂ ಹೋಗುವುದೂ ದಿನದ ಮಾತು. ಇದನ್ನು ತಡೆದುಕೊಳ್ಳದ ಸ್ಟೋರೇಜ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಉಳಿದವು: ಬ್ಯಾಟರಿ ಇದೆಯೇ, ಒಂದೇ ಪೀಸ್ ಮಾಡುತ್ತೀರಾ ಅಥವಾ ನೂರಾ, ಈಗಿರುವ ಬೋರ್ಡಿಗೆ ಸೇರಿಸುವುದೋ ಹೊಸದಾಗಿ ಡಿಸೈನ್ ಮಾಡುವುದೋ.

ಸೀರಿಯಲ್ ಬ್ರಿಡ್ಜ್: ಇರುವ ಬೋರ್ಡ್ ಬಿಡಲಾಗದವರಿಗೆ

ನಿಮ್ಮ ಹತ್ತಿರ ಆಗಲೇ ಎಟಿಮೆಗಾ328 ಅಥವಾ 8051 ಬೋರ್ಡ್ ಇದ್ದು, ಕೋಡ್ ಪಕ್ಕಾ ಆಗಿದ್ದರೆ ಅದನ್ನು ಕೆಡಿಸಬೇಡಿ. ಯುಎಆರ್‌ಟಿ (ಸೀರಿಯಲ್ ಸಂವಹನದ) ಪಿನ್‌ಗಳಿಗೆ, ಸೀರಿಯಲ್ಲನ್ನು ಯುಎಸ್‌ಬಿಗೆ ಬದಲಿಸುವ ಒಂದು ಬ್ರಿಡ್ಜ್ ಚಿಪ್ ಹಾಕಿ. ಕಂಪ್ಯೂಟರಿಗೆ ಅದು ಕಾಮ್ ಪೋರ್ಟ್, ಅಂದರೆ ಸೀರಿಯಲ್ ಪೋರ್ಟ್ ಆಗಿ ಕಾಣುತ್ತದೆ, ನಿಮ್ಮ ಕೋಡಿಗೆ ಯುಎಸ್‌ಬಿ ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಇಲ್ಲಿ ಅಗ್ಗದ್ದು ಸಿಎಚ್340. ಜಿ ಮಾದರಿಗೆ ಹೊರಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್ಪಿಗೆ ಲಯ ಕೊಡುವ ಬಿಡಿಭಾಗ) ಬೇಕು, ಸಿ ಮಾದರಿಗೆ ಬೇಡ. ಹೊಸ ಬೋರ್ಡಿಗೆ ಸಿ ತೆಗೆದುಕೊಳ್ಳಿ. ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ದುಬಾರಿ, ಆದರೆ ಪ್ರತಿ ಚಿಪ್ಪಿಗೂ ತನ್ನದೇ ಸೀರಿಯಲ್ ನಂಬರ್ ಇರುತ್ತದೆ. ಒಂದೇ ಕಂಪ್ಯೂಟರಿಗೆ ಹತ್ತು ಲಾಗರ್ ಚುಚ್ಚಿ ಯಾವುದು ಯಾವುದೆಂದು ಗುರುತಿಸಬೇಕಾದವರಿಗೆ ಇದು ದೊಡ್ಡ ಅನುಕೂಲ. ನಕಲಿ ಎಫ್‌ಟಿಡಿಐ ಚಿಪ್‌ಗಳ ಬಗ್ಗೆ ಮಾತ್ರ ಹುಷಾರು. 2014ರಲ್ಲಿ ಆ ಕಂಪನಿಯ ಒಂದು ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಪ್ರಾಡಕ್ಟ್ ಐಡಿಯನ್ನು (ಕಂಪ್ಯೂಟರ್ ಚಿಪ್ಪನ್ನು ಗುರುತಿಸುವ ಸಂಖ್ಯೆ) ಸೊನ್ನೆ ಮಾಡಿಬಿಟ್ಟಿತ್ತು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದ ಬೋರ್ಡ್‌ಗಳು ಕಂಪ್ಯೂಟರಿಗೆ ಕಾಣದಂತಾದವು. ಎಫ್‌ಟಿಡಿಐ ಬೇಕೇ ಬೇಕೆಂದರೆ ನಂಬಿಕೆಯ ಡಿಸ್ಟ್ರಿಬ್ಯೂಟರ್ ಹತ್ತಿರ ತೆಗೆದುಕೊಳ್ಳಿ.

ಬ್ರಿಡ್ಜಿನ ಒಂದು ಗುಣ ನನಗೆ ತುಂಬಾ ಇಷ್ಟ. ನಿಮ್ಮ ಕಂಟ್ರೋಲರ್ ರೀಸೆಟ್ ಆದರೂ ಕಾಮ್ ಪೋರ್ಟ್ ಕಣ್ಮರೆಯಾಗುವುದಿಲ್ಲ. ಕೋಡ್ ಎಲ್ಲಿ ಸಾಯುತ್ತಿದೆ ಎಂದು ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ.

ಕೊರತೆ ವೇಗದ್ದು. 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಸೆಕೆಂಡಿಗೆ ಹನ್ನೊಂದೂವರೆ ಕೆಬಿ ಹೋಗುತ್ತದೆ. ನಮ್ಮ ಲಾಗರಿನ ಒಂದು ತಿಂಗಳ ಡೇಟಾ ಎರಡು ನಿಮಿಷದಲ್ಲಿ ಬಂತು, ಪರವಾಗಿಲ್ಲ. 8 ಎಂಬಿ ತೆಗೆಯಬೇಕೆಂದರೆ ಹನ್ನೆರಡು ನಿಮಿಷ ಪಂಪ್‌ಹೌಸಿನಲ್ಲಿ ನಿಲ್ಲಬೇಕು. ಜೊತೆಗೆ ಡೇಟಾ ತೆಗೆಯುವವರ ಹತ್ತಿರ ಕಾಮ್ ಪೋರ್ಟ್ ಓದುವ ಟರ್ಮಿನಲ್ ಪ್ರೋಗ್ರಾಂ ಇರಬೇಕು, ಅದನ್ನು ಬಳಸಲು ಗೊತ್ತಿರಬೇಕು.

ವಿ-ಯುಎಸ್‌ಬಿ ಎಂಬ ದಾರಿಯೂ ಇದೆ. ಎವಿಆರ್ (ಎಟಿಮೆಗಾ328ರ ಕುಟುಂಬ) ಚಿಪ್ಪಿನ ಮಾಮೂಲಿ ಪಿನ್‌ಗಳಲ್ಲೇ ಸಾಫ್ಟ್‌ವೇರ್ ಮೂಲಕ ಯುಎಸ್‌ಬಿ ಮಾತಾಡಿಸುವುದು. ಕೀಬೋರ್ಡ್, ಬಟನ್ ಪೆಟ್ಟಿಗೆ ಅಂಥವಕ್ಕೆ ಚೆನ್ನಾಗಿದೆ. ಆದರೆ ಅದು ಲೋ ಸ್ಪೀಡ್, ಸೆಕೆಂಡಿಗೆ 1.5 ಮೆಗಾಬಿಟ್. ಲೋ ಸ್ಪೀಡಿನಲ್ಲಿ ಬಲ್ಕ್ ಎಂಡ್‌ಪಾಯಿಂಟ್‌ಗೆ (ಹೆಚ್ಚು ಡೇಟಾ ಸಾಗಿಸುವ ದಾರಿ) ನಿಯಮದ ಪ್ರಕಾರ ಅವಕಾಶವಿಲ್ಲ, ಹಾಗಾಗಿ ಸ್ಟೋರೇಜ್ ಕೆಲಸಕ್ಕೆ ಬೇಡ.

ಒಳಗೇ ಯುಎಸ್‌ಬಿ ಇರುವ ಕಂಟ್ರೋಲರ್: ಹೊಸ ಡಿಸೈನಿಗೆ ನನ್ನ ಮೊದಲ ಆಯ್ಕೆ

ಹೊಸದಾಗಿ ಮಾಡುವುದಾದರೆ ಬ್ರಿಡ್ಜಿಗೆ ಯಾಕೆ ದುಡ್ಡು ಹಾಕಬೇಕು? ಯುಎಸ್‌ಬಿ ಒಳಗೇ ಇರುವ ಚಿಪ್‌ಗಳು ಈಗ ಬೇಕಾದಷ್ಟಿವೆ. ಫುಲ್ ಸ್ಪೀಡ್ ಅಂದರೆ 12 ಮೆಗಾಬಿಟ್. ಒಂದೇ ಕೇಬಲ್ಲಿನಲ್ಲಿ ಕಾಮ್ ಪೋರ್ಟೂ ಆಗಬಹುದು, ಡಿಸ್ಕೂ ಆಗಬಹುದು. ವಿಂಡೋಸ್ 10ರಿಂದ ಈಚೆಗೆ ಸಿಡಿಸಿ ಎಂಬ ಯುಎಸ್‌ಬಿ ಮಾದರಿಯ ಕಾಮ್ ಪೋರ್ಟಿಗೆ ಬೇರೆ ಡ್ರೈವರ್ ಹಾಕುವ ಕೆಲಸವೂ ಇಲ್ಲ. ಯುಎಸ್‌ಬಿ ಕೆಲಸ ನೋಡಿಕೊಳ್ಳುವ ಟೈನಿಯುಎಸ್‌ಬಿ ಲೈಬ್ರರಿ ಇವುಗಳಲ್ಲಿ ಹೆಚ್ಚಿನವಕ್ಕೆ ಸಿಗುತ್ತದೆ.

ಎಸ್‌ಟಿಎಂ32ಎಫ್103 ಹಾಕಿದ ಬ್ಲೂ ಪಿಲ್ ಬೋರ್ಡ್ ಎಲ್ಲ ಕಡೆ ಸಿಗುತ್ತದೆ. ಆದರೆ ಯುಎಸ್‌ಬಿಯ ಡಿ ಪ್ಲಸ್ ಡೇಟಾ ತಂತಿಗೆ 1.5 ಕಿಲೊಓಮ್ ಪುಲ್-ಅಪ್ (ಬೋರ್ಡ್ ಜೋಡಿಸಿದೆ ಎಂದು ಹೋಸ್ಟಿಗೆ ತಿಳಿಸುವ ರೆಸಿಸ್ಟರ್) ಇರಬೇಕಾದ ಕಡೆ ಎಷ್ಟೋ ಬೋರ್ಡ್‌ಗಳಲ್ಲಿ 10 ಕಿಲೊಓಮ್ ಕೂತಿರುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಓಡುತ್ತದೆ, ಕೆಲವದರಲ್ಲಿ ಓಡುವುದಿಲ್ಲ. ಇದೇ ಚಿಪ್ಪಿನಲ್ಲಿ ಯುಎಸ್‌ಬಿ ಮತ್ತು ಕ್ಯಾನ್ (ವಾಹನ, ಯಂತ್ರಗಳಲ್ಲಿ ಬಳಸುವ ಸಂವಹನ ಜಾಲ) ಎರಡೂ ಒಂದೇ ಮೆಮೊರಿ ಹಂಚಿಕೊಳ್ಳುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು. ಎಸ್‌ಟಿಎಂ32 ಬೇಕಾದರೆ ಎಫ್072 ನೋಡಿ. ಪುಲ್-ಅಪ್ ಒಳಗೇ ಇದೆ, ಯುಎಸ್‌ಬಿಗೆ ಕ್ರಿಸ್ಟಲ್ಲೂ ಬೇಡ.

ಆರ್‌ಪಿ2040, ಅಂದರೆ ಪಿಕೊ ಬೋರ್ಡಿನ ಚಿಪ್, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. 264 ಕೆಬಿ ರ‍್ಯಾಮ್, ಡಿವೈಸ್ ಮತ್ತು ಹೋಸ್ಟ್ ಎರಡೂ ಸಾಧ್ಯ. 2021ರಲ್ಲಿ 4 ಡಾಲರಿಗೆ ಬಂದ ಬೋರ್ಡ್. ಒಂದು ವಿಷಯ ಗಮನದಲ್ಲಿರಲಿ: ಪ್ರೋಗ್ರಾಂ ಓಡುವ ಫ್ಲ್ಯಾಶ್‌ನಲ್ಲೇ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಡೇಟಾ ಬರೆಯಲು ಹೋದರೆ, ಸೆಕ್ಟರ್ (ಒಟ್ಟಿಗೆ ಅಳಿಸುವ ಒಂದು ತುಂಡು) ಅಳಿಸುವಷ್ಟು ಹೊತ್ತು ಅದರಿಂದ ಕೋಡ್ ಓದಲಾಗುವುದಿಲ್ಲ. ಇಂಟರಪ್ಟ್ (ನಡುವೆ ಬರುವ ತುರ್ತು ಕೆಲಸಗಳ ಕರೆ) ನಿಲ್ಲಿಸಬೇಕಾಗುತ್ತದೆ, ಯುಎಸ್‌ಬಿ ತೊದಲುತ್ತದೆ. ಡೇಟಾಗೆ ಬೇರೆಯೇ ಫ್ಲ್ಯಾಶ್ ಚಿಪ್ ಹಾಕಿ.

ಇಎಸ್‌ಪಿ32 ಕುಟುಂಬದಲ್ಲಿ ಹೆಸರು ನೋಡಿ ಮೋಸಹೋಗಬೇಡಿ. ಎಸ್2, ಎಸ್3ಯಲ್ಲಿ ಪೂರ್ತಿ ಓಟಿಜಿ ಇದೆ, ಡಿಸ್ಕ್ ಆಗಿ ಕಾಣಿಸಬಹುದು. ಸಿ3ಯಲ್ಲಿರುವುದು ಸೀರಿಯಲ್ ಮತ್ತು ಜೆಟ್ಯಾಗ್ (ಕೋಡಿನ ತಪ್ಪು ಹುಡುಕುವ ದಾರಿ) ಮಾತ್ರ. ಅದನ್ನು ಪೆನ್‌ಡ್ರೈವ್ ಮಾಡಲು ಆಗುವುದಿಲ್ಲ. ವೈಫೈ ಬೇಕಾದವರು ಎಸ್3 ತೆಗೆದುಕೊಳ್ಳಲಿ. ಬ್ಯಾಟರಿ ಮೇಲೆ ತಿಂಗಳುಗಟ್ಟಲೆ ಓಡಿಸುವವರು ಸಣ್ಣ ಎಸ್‌ಟಿಎಂ32 ಕಡೆ ನೋಡಲಿ.

ಮಾರುವ ಯೋಚನೆ ಇದ್ದರೆ ಇನ್ನೊಂದು ಮಾತು. ಪ್ರತಿ ಯುಎಸ್‌ಬಿ ಡಿವೈಸಿಗೂ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಬೇಕು. ಬ್ರಿಡ್ಜ್ ಚಿಪ್ಪಿಗೆ ಅದರ ಕಂಪನಿಯದ್ದೇ ಬರುತ್ತದೆ. ಸ್ವಂತ ವೆಂಡರ್ ಐಡಿ ಕೊಳ್ಳಲು ಸಾವಿರಾರು ಡಾಲರ್ ಆಗುತ್ತದೆ. ಕೆಲವು ಚಿಪ್ ಕಂಪನಿಗಳು ತಮ್ಮ ವೆಂಡರ್ ಐಡಿಯ ಅಡಿಯಲ್ಲಿ ನಿಮಗೊಂದು ಪ್ರಾಡಕ್ಟ್ ಐಡಿ ಕೊಡುತ್ತವೆ, ರಾಸ್ಪ್‌ಬೆರಿ ಪೈ ಅವುಗಳಲ್ಲೊಂದು. ನೂರು ಪೀಸ್ ಮಾಡುವ ಸಣ್ಣ ಉದ್ಯಮಕ್ಕೆ ಇದು ಸಾಕು.

ಪೆನ್‌ಡ್ರೈವನ್ನೇ ಚುಚ್ಚಬೇಕು ಅಂದರೆ

ಕೆಲವು ಕಡೆ ಇದು ನಿಜಕ್ಕೂ ಬೇಕು. ಕಾರ್ಖಾನೆಯ ಮಷಿನ್ನಿಗೆ ಆಪರೇಟರ್ ಬಂದು ಪೆನ್‌ಡ್ರೈವ್ ಹಾಕಿ ರಿಪೋರ್ಟ್ ಒಯ್ಯುವ ಪದ್ಧತಿ ಇದ್ದರೆ ಅದನ್ನು ಬದಲಿಸಲು ಹೋಗಬೇಡಿ.

ಸಣ್ಣ ಕಂಟ್ರೋಲರಿಗೆ ಸಿಎಚ್376 ಒಳ್ಳೆಯ ಜೊತೆ. ಫ್ಯಾಟ್ ಫೈಲ್ ಸಿಸ್ಟಮ್ (ಪೆನ್‌ಡ್ರೈವ್, ಕಾರ್ಡ್‌ಗಳಲ್ಲಿ ಫೈಲ್ ಜೋಡಿಸಿಡುವ ರೀತಿ) ಅದರೊಳಗೇ ಇದೆ. ನೀವು ಯುಎಆರ್‌ಟಿ ಅಥವಾ ಎಸ್‌ಪಿಐ (ಚಿಪ್‌ಗಳ ನಡುವೆ ಮಾತಾಡುವ ತಂತಿಗಳು) ಮೇಲೆ ಫೈಲ್ ಹೆಸರು ಹೇಳಿ, ತೆರೆ, ಬರೆ, ಮುಚ್ಚು ಎಂದರೆ ಸಾಕು. 2 ಕೆಬಿ ರ‍್ಯಾಮಿನ ಎಟಿಮೆಗಾ328ಕ್ಕೂ ಇದು ಭಾರವಲ್ಲ. ಸೀರಿಯಲ್‌ನಲ್ಲಿ ಶುರುವಾಗುವುದು 9600 ಬಾಡ್‌ನಲ್ಲಿ, ಪ್ರತಿ ಕಮಾಂಡಿಗೂ ಮೊದಲು ಹೆಕ್ಸ್ (ಹದಿನಾರರ ಸಂಖ್ಯಾಪದ್ಧತಿ) 57, ಎಬಿ ಎಂಬ ಎರಡು ಬೈಟ್ ಕಳಿಸಬೇಕು. ಮೊದಲ ಪರೀಕ್ಷೆ ಹೀಗಿರಲಿ: ಕಮಾಂಡ್ 06 ಕಳಿಸಿ, ಹಿಂದೆಯೇ ಹೆಕ್ಸ್ 55 ಕಳಿಸಿ. ಚಿಪ್ ಅದರ ಬಿಟ್‌ಗಳನ್ನು ತಿರುಗಿಸಿ ಎಎ ಅಂತ ವಾಪಸ್ ಕೊಡಬೇಕು. ಕೊಟ್ಟರೆ ವೈರಿಂಗ್ ಸರಿಯಿದೆ. ಕೊಡದಿದ್ದರೆ ಕೋಡ್ ಬಿಟ್ಟು ಜಂಪರ್ ಮತ್ತು ವೋಲ್ಟೇಜ್ ನೋಡಿ. ಫೈಲ್ ಹೆಸರು ಎಂಟು ಅಕ್ಷರ, ಎಕ್ಸ್‌ಟೆನ್ಶನ್ ಮೂರು ಅಕ್ಷರ ಎಂಬ ಹಳೆಯ ರೀತಿಯಲ್ಲೇ ಇಡಿ. ಮುಚ್ಚುವಾಗ ಫೈಲ್ ಉದ್ದವನ್ನು ಅಪ್‌ಡೇಟ್ ಮಾಡು ಎಂದು ಹೇಳುವುದು ಮರೆತರೆ ಬರೆದದ್ದು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ.

ಮ್ಯಾಕ್ಸ್3421ಇ ಬೇರೆ ಜಾತಿ. ಅದು ಎಸ್‌ಪಿಐ ಮೇಲೆ ಯುಎಸ್‌ಬಿ ಹೋಸ್ಟ್ ಕೊಡುತ್ತದೆ, ಆದರೆ ಪೆನ್‌ಡ್ರೈವ್ ಮಾತಾಡುವುದು, ಫ್ಯಾಟ್ ಓದುವುದು ಎಲ್ಲ ನಿಮ್ಮ ಕೋಡಿನ ತಲೆಗೆ. ಕೀಬೋರ್ಡ್, ಬಾರ್‌ಕೋಡ್ ಸ್ಕ್ಯಾನರ್, ಗೇಮ್ ಕಂಟ್ರೋಲರ್ ಜೋಡಿಸುವವರಿಗೆ ಇದು ಸರಿ. ಪೆನ್‌ಡ್ರೈವ್ ಒಂದೇ ಸಾಕೆನ್ನುವವರಿಗೆ ಸಿಎಚ್376 ಸುಲಭ. ಹೊಸ ಡಿಸೈನ್ ಆದರೆ ಎಸ್3 ಅಥವಾ ಆರ್‌ಪಿ2040 ತಾವೇ ಹೋಸ್ಟ್ ಆಗಬಲ್ಲವು, ಬೇರೆ ಚಿಪ್ಪಿನ ಖರ್ಚು ಉಳಿಯುತ್ತದೆ.

ಸ್ಟೋರೇಜ್: ಇಲ್ಲಿ ನಿಧಾನವಾಗಿ ಯೋಚಿಸಿ

ಯುಎಸ್‌ಬಿ ತಪ್ಪು ಆರಿಸಿದರೆ ಮೊದಲ ದಿನವೇ ಗೊತ್ತಾಗುತ್ತದೆ. ಸ್ಟೋರೇಜ್ ತಪ್ಪು ಆರಿಸಿದರೆ ಗೊತ್ತಾಗುವುದು ಆರು ತಿಂಗಳ ನಂತರ, ಅಷ್ಟರಲ್ಲಿ ಡೇಟಾ ಹೋಗಿರುತ್ತದೆ. ಅದಕ್ಕೇ ಈ ಭಾಗಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಎಸ್‌ಡಿ ಕಾರ್ಡ್ ಎಲ್ಲರಿಗೂ ಮೊದಲು ಹೊಳೆಯುವುದು. ಜಾಗ ಬೇಕಾದಷ್ಟು, ಅಗ್ಗ, ಕಾರ್ಡ್ ಕಿತ್ತು ಕಂಪ್ಯೂಟರಿಗೆ ಹಾಕಬಹುದು. ಫ್ಯಾಟ್‌ಎಫ್‌ಎಸ್ ಲೈಬ್ರರಿ ಚೆನ್ನಾಗಿದೆ, ಉಚಿತ. 32 ಜಿಬಿ ಮೀರದ ಕಾರ್ಡ್ ತೆಗೆದುಕೊಳ್ಳಿ. ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಕೋಡ್ ಸುಮ್ಮನೆ ದೊಡ್ಡದಾಗುತ್ತದೆ. 5 ವೋಲ್ಟಿನ ಅಗ್ಗದ ಮಾಡ್ಯೂಲ್‌ಗಳಲ್ಲಿ ಒಂದು ಉಪದ್ರವ ಇದೆ. ಎಷ್ಟೋ ಮಾಡ್ಯೂಲ್‌ಗಳ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸುವ ಚಿಪ್), ಕಾರ್ಡನ್ನು ಆರಿಸದೇ ಇದ್ದಾಗಲೂ ಮಿಸೊ (ಡೇಟಾ ಕಂಟ್ರೋಲರಿಗೆ ಬರುವ) ತಂತಿಯನ್ನು ಹಿಡಿದೇ ಇರುತ್ತದೆ. ಅದೇ ಎಸ್‌ಪಿಐ ಮೇಲೆ ಇನ್ನೊಂದು ಸೆನ್ಸರ್ ಹಾಕಿದರೆ ಅದು ಮೂಕವಾಗುತ್ತದೆ. ಕಂಟ್ರೋಲರ್ 3.3 ವೋಲ್ಟಿನದಾದರೆ ಶಿಫ್ಟರ್ ಇಲ್ಲದ ಬರಿ ಸಾಕೆಟ್ಟೇ ಒಳ್ಳೆಯದು, ಪಕ್ಕದಲ್ಲೊಂದು ದೊಡ್ಡ ಕೆಪ್ಯಾಸಿಟರ್ ಇರಲಿ. ಬರೆಯುವಾಗ ಕಾರ್ಡ್ 100 ಮಿಲಿಆಂಪ್‌ವರೆಗೂ ಎಳೆಯಬಹುದು. ಒಂದೊಂದು ಸಲ ಬರವಣಿಗೆ ಮುಗಿಯಲು 250 ಮಿಲಿಸೆಕೆಂಡ್ ಕೂಡ ಹಿಡಿಯಬಹುದು, ಅಷ್ಟು ಹೊತ್ತಿನ ಡೇಟಾ ಹಿಡಿದಿಡಲು ರ‍್ಯಾಮಿನಲ್ಲಿ ಬಫರ್ ಇಡಿ.

ಎಸ್‌ಡಿ ಕಾರ್ಡಿನ ದೊಡ್ಡ ದೌರ್ಬಲ್ಯ ಕರೆಂಟ್ ಹೋಗುವುದು. ಫ್ಯಾಟ್‌ನಲ್ಲಿ ಒಂದು ಸಾಲು ಸೇರಿಸುವುದೆಂದರೆ ಡೇಟಾ, ಫ್ಯಾಟ್ ಟೇಬಲ್, ಡೈರೆಕ್ಟರಿ ಹೀಗೆ ಬೇರೆ ಬೇರೆ ಜಾಗದಲ್ಲಿ ಬರೆಯುವುದು. ನಡುವೆ ಕರೆಂಟ್ ಹೋದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಬ್ಯಾಟರಿ ಬ್ಯಾಕಪ್ ಇದ್ದು, ವೋಲ್ಟೇಜ್ ಇಳಿಯುತ್ತಿದ್ದಂತೆ ಫೈಲ್ ಮುಚ್ಚುವ ವ್ಯವಸ್ಥೆ ಮಾಡಿದರೆ ಮಾತ್ರ ಪಂಪ್‌ಹೌಸಿನಲ್ಲಿ ಕಾರ್ಡ್ ಇಡಿ.

ಎಸ್‌ಪಿಐ ಫ್ಲ್ಯಾಶ್ ಚಿಪ್, ಉದಾಹರಣೆಗೆ ಡಬ್ಲ್ಯೂ25ಕ್ಯೂ64, ಬೋರ್ಡಿಗೇ ಸೋಲ್ಡರ್ ಆಗಿರುತ್ತದೆ. ಅದುರಿದರೂ ಸಡಿಲವಾಗುವುದಿಲ್ಲ, ತೇವಕ್ಕೆ ಸಾಕೆಟ್ ತುಕ್ಕು ಹಿಡಿಯುವ ಭಯವಿಲ್ಲ. ಮಲೆನಾಡಿನ ಮಳೆಗಾಲ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 8 ಎಂಬಿ ಜಾಗ, ನಮ್ಮ ಲಾಗರಿಗೆ 182 ದಿನ. 4 ಕೆಬಿ ಸೆಕ್ಟರ್ ಲೆಕ್ಕದಲ್ಲಿ ಅಳಿಸಬೇಕು, ಒಂದು ಸೆಕ್ಟರನ್ನು ಸುಮಾರು ಒಂದು ಲಕ್ಷ ಸಲ ಅಳಿಸಬಹುದು.

ಇಲ್ಲೇ ಒಂದು ಲೆಕ್ಕ ನೋಡಿ. ಈ ಫ್ಲ್ಯಾಶ್ ಮೇಲೆ ನೇರವಾಗಿ ಫ್ಯಾಟ್ ಹಾಕಿ, ನಿಮಿಷಕ್ಕೊಮ್ಮೆ ಫೈಲ್ ಸಿಂಕ್ ಮಾಡಿದರೆ (ಬಫರಿನಲ್ಲಿರುವುದನ್ನು ಚಿಪ್ಪಿಗೆ ಬರೆಸಿದರೆ) ಡೈರೆಕ್ಟರಿ ಇರುವ ಅದೇ ಸೆಕ್ಟರ್ ದಿನಕ್ಕೆ 1440 ಸಲ ಅಳಿಯುತ್ತದೆ. ಒಂದು ಲಕ್ಷ ಮುಗಿಯಲು ಬೇಕಿರುವುದು 69 ದಿನ! ಅದೇ ಚಿಪ್ಪಿನಲ್ಲಿ ದಾಖಲೆಗಳನ್ನು ಒಂದರ ಹಿಂದೊಂದು ಸುತ್ತುಹಾಕಿ ಬರೆದರೆ ಒಂದು ಸೆಕ್ಟರಿನ ಸರದಿ ಬರುವುದು 182 ದಿನಕ್ಕೊಮ್ಮೆ. ಸವೆತದ ಮಾತೇ ಇಲ್ಲ. ಹೀಗೆ ಸ್ವಂತ ಬರೆಯಲು ಬೇಸರವಾದರೆ ಲಿಟಲ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸಿ. ಸವೆತ ಹಂಚುತ್ತದೆ, ಕರೆಂಟ್ ಹೋದರೂ ಫೈಲ್ ಸಿಸ್ಟಮ್ ಕೆಡದಂತೆ ಕಟ್ಟಿದ್ದಾರೆ.

24ಸಿ256 ಇಇಪಿರಾಮ್ (ಕರೆಂಟ್ ಹೋದರೂ ಡೇಟಾ ಉಳಿಸುವ ಸಣ್ಣ ಮೆಮೊರಿ ಚಿಪ್), ಅಥವಾ ಅದೇ ಅಳತೆಯ ಎಫ್‌ರ‍್ಯಾಮ್, 32 ಕೆಬಿ ಮಾತ್ರ. ನಮ್ಮ ಲಾಗರಿಗೆ ಹದಿನೇಳು ಗಂಟೆ. ಮುಖ್ಯ ಸ್ಟೋರೇಜ್ ಆಗಲಾರದು, ಆದರೆ ಸೆಟ್ಟಿಂಗ್ಸ್ ಇಡಲು, ತಾತ್ಕಾಲಿಕ ಬಫರ್ ಮಾಡಲು ಒಳ್ಳೆಯದು. ಇಇಪಿರಾಮ್ ಹತ್ತು ಲಕ್ಷ ಬರವಣಿಗೆ ತಾಳುತ್ತದೆ. ಕೇಳಲು ದೊಡ್ಡದು, ಅಲ್ವಾ? ಕೊನೆಯ ದಾಖಲೆ ಎಲ್ಲಿದೆ ಎಂಬ ಗುರುತನ್ನು ಒಂದೇ ಜಾಗದಲ್ಲಿ ನಿಮಿಷಕ್ಕೊಮ್ಮೆ ಬರೆದರೆ ಎರಡು ವರ್ಷದೊಳಗೆ ಮುಗಿಯುತ್ತದೆ. ಗುರುತು ಬೇರೆ ಇಡಬೇಡಿ, ಪ್ರತಿ ದಾಖಲೆಗೂ ಕ್ರಮಸಂಖ್ಯೆ ಕೊಡಿ. ಬೋರ್ಡ್ ಆನ್ ಆದಾಗ ದೊಡ್ಡ ಸಂಖ್ಯೆ ಎಲ್ಲಿದೆ ಎಂದು ಹುಡುಕಿದರಾಯಿತು. ಎಫ್‌ರ‍್ಯಾಮಿಗೆ ಈ ಚಿಂತೆಯಿಲ್ಲ, ಬೆಲೆ ಮಾತ್ರ ಜಾಸ್ತಿ.

ಎರಡನ್ನೂ ಜೋಡಿಸುವಾಗ

ಡಿಸ್ಕ್ ಆಗಿ ಕಾಣಿಸುವ ಬೋರ್ಡ್ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ: ಒಂದು ಫ್ಯಾಟ್ ಡಿಸ್ಕಿಗೆ ಒಬ್ಬನೇ ಯಜಮಾನ. ಕಂಪ್ಯೂಟರ್ ಡಿಸ್ಕನ್ನು ತೆರೆದುಕೊಂಡಿರುವಾಗ ನಿಮ್ಮ ಕೋಡೂ ಅದೇ ಕಾರ್ಡಿಗೆ ಬರೆದರೆ ಇಬ್ಬರಿಗೂ ಇನ್ನೊಬ್ಬರು ಮಾಡಿದ್ದು ತಿಳಿಯುವುದಿಲ್ಲ. ಕಂಪ್ಯೂಟರ್ ತನ್ನ ಕ್ಯಾಶ್‌ನಲ್ಲಿರುವ ಹಳೆಯ ಟೇಬಲ್ಲನ್ನು ವಾಪಸ್ ಬರೆದುಬಿಡಬಹುದು, ಫೈಲ್ ಹಾಳು. ಎಸ್‌ಡಿ ಕಾರ್ಡ್ ಬಳಸುವವರು ಕೇಬಲ್ಲಿನ 5 ವೋಲ್ಟ್ ಬಂದ ಕೂಡಲೇ ಫೈಲ್ ಮುಚ್ಚಿ, ಕಾರ್ಡನ್ನು ಯುಎಸ್‌ಬಿಗೆ ಒಪ್ಪಿಸಿ, ಅಷ್ಟು ಹೊತ್ತಿನ ದಾಖಲೆಗಳನ್ನು ರ‍್ಯಾಮಿನಲ್ಲೋ ಎಫ್‌ರ‍್ಯಾಮಿನಲ್ಲೋ ಇಡಬೇಕು. ಅರ್ಧ ಗಂಟೆಗೆ ಬೇಕಾದದ್ದು ಒಂದು ಕೆಬಿಗಿಂತ ಕಡಿಮೆ.

ನಾನು ಪಂಪ್‌ಹೌಸಿಗೆ ಆರಿಸುವುದು ಬೇರೆ ದಾರಿ. ಫ್ಲ್ಯಾಶ್‌ನಲ್ಲಿ ದಾಖಲೆಗಳು ತಮ್ಮ ಪಾಡಿಗೆ ಸುತ್ತುಹಾಕುತ್ತಿರಲಿ. ಫೋನ್ ಚುಚ್ಚಿದಾಗ ಕೋಡ್ ಒಂದು ಹುಸಿ ಫ್ಯಾಟ್ ಡಿಸ್ಕನ್ನು ತೋರಿಸಲಿ, ಓದಲು ಮಾತ್ರ. ಅದರಲ್ಲಿ ಒಂದೇ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಫೈಲ್. ಬೂಟ್ ಸೆಕ್ಟರ್, ಟೇಬಲ್, ಡೈರೆಕ್ಟರಿ ಎಲ್ಲವನ್ನೂ ಕೇಳಿದಾಗ ಕೋಡೇ ತಯಾರಿಸುತ್ತದೆ. ಗುಟ್ಟು ಇರುವುದು ಸಾಲಿನ ಉದ್ದದಲ್ಲಿ. ಪ್ರತಿ ಸಾಲನ್ನೂ ಸರಿಯಾಗಿ 64 ಬೈಟ್ ಮಾಡಿ, ಕಡಿಮೆ ಬಿದ್ದರೆ ಖಾಲಿ ಜಾಗ ತುಂಬಿ. ಆಗ ಡಿಸ್ಕಿನ ಲೆಕ್ಕದ 512 ಬೈಟಿನ ಒಂದು ಸೆಕ್ಟರಿಗೆ (ಫ್ಲ್ಯಾಶ್‌ನ 4 ಕೆಬಿ ಸೆಕ್ಟರ್ ಅಲ್ಲ) ಎಂಟು ಸಾಲು ಕೂರುತ್ತವೆ. ಹೋಸ್ಟ್ ಫೈಲಿನ ನೂರನೆಯ ಸೆಕ್ಟರ್ ಕೇಳಿದರೆ ಯಾವ ಎಂಟು ದಾಖಲೆ ಓದಬೇಕೆಂದು ಒಂದು ಗುಣಾಕಾರದಲ್ಲಿ ಸಿಗುತ್ತದೆ. ಪಿಕೊ ಬೋರ್ಡಿನ ಬಟನ್ ಒತ್ತಿ ಚುಚ್ಚಿದಾಗ ಕಾಣುವ ಡ್ರೈವ್ ಕೂಡ ಇಂಥದ್ದೇ ಹುಸಿ ಡಿಸ್ಕ್. ಓದಲು ಮಾತ್ರ ಎಂದು ಹೇಳಲು ಟೈನಿಯುಎಸ್‌ಬಿಯಲ್ಲಿ ಒಂದು ಕಾಲ್‌ಬ್ಯಾಕ್ (ಲೈಬ್ರರಿ ತಾನೇ ಕರೆಯುವ ನಿಮ್ಮ ಫಂಕ್ಷನ್) ಇದೆ. ಡಿಸ್ಕಿನ ಅಳತೆಯನ್ನು ಚುಚ್ಚಿದ ಕ್ಷಣಕ್ಕೆ ನಿಗದಿ ಮಾಡಿ, ಹೊಸ ದಾಖಲೆಗಳು ಮುಂದಿನ ಸಲ ಕಾಣಲಿ. ಆ ಹೊತ್ತಿನಲ್ಲಿ ಫೈಲಿನ ಮೊದಲ ಸೆಕ್ಟರ್ ಅಳಿದುಹೋಗದಂತೆ ಹಳೆಯ ತುದಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತೋರಿಸಿ. ಕೋಡ್ ಬರೆಯುವ ಕೆಲಸ ಜಾಸ್ತಿ, ನಿಜ. ಆದರೆ ಕಾರ್ಡೂ ಬೇಡ, ಆ್ಯಪೂ ಬೇಡ, ಕರೆಂಟ್ ಹೋದರೆ ಹೋಗುವುದು ಹೆಚ್ಚೆಂದರೆ ಒಂದು ದಾಖಲೆ.

ಹಾಗಾದರೆ ನಿಮಗೆ ಯಾವುದು?

ಕಾಲೇಜಿನ ಪ್ರಾಜೆಕ್ಟ್, ಕೈಯಲ್ಲಿ ಹದಿನೈದು ದಿನ ಇದೆ ಎಂದರೆ ಪಿಕೊ ಮತ್ತು ಎಸ್‌ಡಿ ಸಾಕೆಟ್. ಕಾರ್ಡ್ ಕಿತ್ತು ಓದಿ, ಡಿಸ್ಕ್ ಆಗಿ ತೋರಿಸುವ ಸಾಹಸ ಬೇಡ.

ಹಳೆಯ ಬೋರ್ಡ್, ಹಳೆಯ ಕೋಡ್, ಕಡಿಮೆ ಡೇಟಾ: ಸಿಎಚ್340ಸಿ ಮತ್ತು 24ಸಿ256. ಜಾಗ ಸಾಲದಿದ್ದರೆ ಇಇಪಿರಾಮ್ ಬದಲು ಫ್ಲ್ಯಾಶ್.

ಸೆಕೆಂಡಿಗೆ ಸಾವಿರಾರು ಸ್ಯಾಂಪಲ್ ಬರುವ ಕಂಪನದ ಅಳತೆ, ಶಬ್ದದ ರೆಕಾರ್ಡಿಂಗ್ ಆದರೆ ಎಸ್‌ಡಿ ಬಿಟ್ಟು ಬೇರೆ ದಾರಿಯಿಲ್ಲ. ಬಫರಿಗೆ ರ‍್ಯಾಮ್ ಜಾಸ್ತಿ ಇರುವ ಚಿಪ್ ಹಿಡಿಯಿರಿ.

ಮಷಿನ್ ಆಪರೇಟರ್ ಪೆನ್‌ಡ್ರೈವೇ ತರುತ್ತಾರೆ, ಒಳಗೆ ಇರುವುದು ಸಣ್ಣ ಕಂಟ್ರೋಲರ್: ಸಿಎಚ್376. ಆದರೂ ಡೇಟಾದ ಮನೆ ಫ್ಲ್ಯಾಶ್ ಆಗಿರಲಿ, ಪೆನ್‌ಡ್ರೈವಿಗೆ ನಕಲು ಮಾತ್ರ ಹೋಗಲಿ. ನಡುವೆ ಕಿತ್ತುಕೊಂಡು ಹೋದರೂ ಮೂಲ ಉಳಿದಿರುತ್ತದೆ.

ತೋಟದಲ್ಲಿ ವರ್ಷಗಟ್ಟಲೆ ಕೂರುವುದಾದರೆ ಒಳಗೇ ಯುಎಸ್‌ಬಿ ಇರುವ ಚಿಪ್, ಬೇರೆ ಫ್ಲ್ಯಾಶ್, ಮೇಲೆ ಹೇಳಿದ ಹುಸಿ ಡಿಸ್ಕ್. ನೀವು ತರಿಸುವ ಬೋರ್ಡನ್ನು ನಿಮ್ಮ ಕೈಗೆ ಸಿಗುವ ಎರಡು ಮೂರು ಬೇರೆ ಬೇರೆ ಫೋನ್‌ಗಳಲ್ಲಿ ಮೊದಲೇ ಚುಚ್ಚಿ ನೋಡಿ.

ಪಿಸಿಬಿ (ಸರ್ಕ್ಯೂಟ್ ಬೋರ್ಡ್) ತಯಾರಿಕೆಗೆ ಕಳಿಸುವ ಮುಂಚೆ ಎರಡು ಕಡೆ ಕಣ್ಣಾಡಿಸಿ. ಟೈಪ್-ಸಿ ಸಾಕೆಟ್ ಹಾಕಿದ್ದರೆ ಎರಡೂ ಸಿಸಿ ಪಿನ್ನಿಗೆ (ಏನು ಜೋಡಿಸಿದೆ ಎಂದು ತಿಳಿಸುವ ಪಿನ್‌ಗಳು) ಪ್ರತ್ಯೇಕವಾಗಿ 5.1 ಕಿಲೊಓಮ್ ರೆಸಿಸ್ಟರ್ ಗ್ರೌಂಡಿಗೆ ಇರಬೇಕು. ಎರಡಕ್ಕೂ ಸೇರಿಸಿ ಒಂದೇ ಹಾಕಿದ್ದಕ್ಕೆ 2019ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈ 4 ಬೋರ್ಡ್‌ಗಳಿಗೆ ಕೆಲವು ಕೇಬಲ್‌ಗಳಿಂದ ಪವರೇ ಸಿಗುತ್ತಿರಲಿಲ್ಲ. ಇನ್ನೊಂದು, ಸ್ಟಾರ್ಟರ್ ಪಕ್ಕದಲ್ಲಿ ಚಾರ್ಜರಿಗೆ ಚುಚ್ಚಿದ ಲ್ಯಾಪ್‌ಟಾಪ್ ಜೋಡಿಸುವ ಸಂದರ್ಭ ಇದ್ದರೆ ಎರಡು ಕಡೆಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ, ಎಡಿಯುಎಂ3160 ತರಹದ ಯುಎಸ್‌ಬಿ ಐಸೊಲೇಟರ್ ಹಾಕಿ. ಕಾಂಟ್ಯಾಕ್ಟರ್ (ಸ್ಟಾರ್ಟರಿನೊಳಗಿನ ದೊಡ್ಡ ಸ್ವಿಚ್) ಬಿದ್ದಾಗಲೆಲ್ಲ ಯುಎಸ್‌ಬಿ ಕಡಿದುಹೋಗುವುದು ನಿಲ್ಲುತ್ತದೆ, ಎರಡು ಕಡೆಯ ಅರ್ಥಿಂಗ್ ನಡುವೆ ಕರೆಂಟ್ ಹರಿದು ಲ್ಯಾಪ್‌ಟಾಪ್ ಸುಡುವ ಭಯವೂ ಇರುವುದಿಲ್ಲ. ಫೋನಿನಲ್ಲಿ ಮಾತ್ರ ಓದುವವರಿಗೆ ಈ ಖರ್ಚು ಬೇಕಿಲ್ಲ, ಫೋನ್ ತನ್ನ ಬ್ಯಾಟರಿಯ ಮೇಲೇ ಓಡುತ್ತಿರುತ್ತದೆ.